‘ವಾಂಡರ್’ ಅಂದ್ರೆ ಸುಮ್ನೆ ತಿರುಗೋದಾ? ದಾಂಡೇಲಿ ಕಾಡಿನ ದಾರಿಯಲ್ಲಿ ಒಂದು ಇಂಗ್ಲಿಷ್ ಪದದ ಚರಿತ್ರೆ

ಇದು ನಮ್ಮ ಇತಿಹಾಸ ಸಂಚಿಕೆಯ ಬರಹ ರೂಪ.

ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ: ಗೋ, ವೆಂಟ್, ಗಾನ್. ವಾಕ್‌ಗೆ ವಾಕ್ಡ್, ಟಾಕ್‌ಗೆ ಟಾಕ್ಡ್ ಆದ್ರೆ, ಗೋಗೆ ಮಾತ್ರ ವೆಂಟ್ ಯಾಕೆ? ಕೇಳಿದ್ರೆ ಮೇಷ್ಟ್ರು, “ಅದು ಹಾಗೇ, ಬಾಯಿಪಾಠ ಮಾಡು” ಅಂತಿದ್ರು. ಅಸಲಿಗೆ ವೆಂಟ್ ಅನ್ನೋದು ಗೋ ಪದದ ಸ್ವಂತ ಮಗು ಅಲ್ಲ, ದತ್ತು ಮಗು. ಇಂಗ್ಲಿಷಿನಲ್ಲಿ ‘ವೆಂಡ್’ ಅನ್ನೋ ಹಳೇ ಕ್ರಿಯಾಪದ ಒಂದಿದೆ. ತಿರುಗು, ಆ ಕಡೆ ಹೊರಳು, ಸಾಗು ಅಂತ ಅದರ ಅರ್ಥ. ಅದರ ಭೂತಕಾಲದ ರೂಪವೇ ವೆಂಟ್. ಕಾಲ ಕಳೆದ ಹಾಗೆ ಗೋ ಅದನ್ನ ತನ್ನ ಮನೆಗೆ ಸೇರಿಸಿಕೊಂಡಿತು.

ಈ ವೆಂಡ್‌ನ ಹತ್ತಿರದ ಸಂಬಂಧಿ ಒಂದು ಪದ ಇದೆ. ಇವತ್ತಿನ ಕಥೆ ಅದರದ್ದೇ. ಅದು ‘ವಾಂಡರ್’. ಅಚ್ಚರಿ ಅಂತ ಅರ್ಥ ಬರೋ ‘ವಂಡರ್’ ಅಲ್ಲ. ಇದು ‘ವಾಂಡರ್’, ಅಲೆದಾಡು ಅನ್ನೋದು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪದಕ್ಕೂ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಈ ಕಾಡಿನಲ್ಲಿ ಯಾರಿಗೆ ಜಮೀನಿನ ಹಕ್ಕುಪತ್ರ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋ ಪ್ರಶ್ನೆಯ ಒಳಗೆ ಈ ಪದದ ನೆರಳಿದೆ.

ಮೊದಲು ಅರ್ಥ ನೋಡೋಣ. ವಾಂಡರ್ ಅನ್ನೋದರ ಬೇರಿನಲ್ಲಿ ತಿರುಗು, ಸುತ್ತು ಅನ್ನೋ ಭಾವ ಇದೆ. ನಮ್ಮ ಕನ್ನಡದ ‘ತಿರುಗು’ ಕೂಡ ಹಾಗೇ ಅಲ್ವಾ? “ಎಡಕ್ಕೆ ತಿರುಗು” ಅಂದ್ರೆ ದಿಕ್ಕು ಬದಲಿಸೋದು. “ಊರೂರು ತಿರುಗಿದ” ಅಂದ್ರೆ ಅಲೆದದ್ದು. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಂದೇ ರೀತಿ ಯೋಚನೆ ಮಾಡಿವೆ. ಇನ್ನು ವಾಂಡರ್ ಪದದ ಬಾಲದಲ್ಲಿರೋ ‘ಅರ್’. ಚಾಟರ್, ಫ್ಲಿಕರ್ ಪದಗಳಲ್ಲೂ ಇರೋ ಈ ಬಾಲ, ಒಂದು ಕೆಲಸ ಮತ್ತೆ ಮತ್ತೆ ನಡೀತಿದೆ ಅಂತ ಹೇಳುತ್ತೆ. ಕನ್ನಡದಲ್ಲಿ ಆ ಕೆಲಸವನ್ನ ‘ಆಡು’ ಮಾಡುತ್ತೆ. ಓಡು, ಓಡಾಡು. ನಡೆ, ನಡೆದಾಡು. ಅಲೆ, ಅಲೆದಾಡು. ಹಳಿಯಾಳದ ಕಡೆ, ಧಾರವಾಡದ ಮಾತಿನ ಗಾಳಿ ಬೀಸೋ ಜಾಗದಲ್ಲಿ, “ಅಡ್ಡಾಡಾಕ ಹೋಗಿದ್ದೆ” ಅಂತಾರೆ.

ಆದ್ರೆ ಒಂದು ವ್ಯತ್ಯಾಸ ಇದೆ. “ಅಡ್ಡಾಡಿದೆ” ಅಂದಾಗ ನೀವು ಕೆಲಸಕ್ಕೆ ಹೋಗಿದ್ರೋ, ಸುಮ್ಮನೆ ಹೋಗಿದ್ರೋ ಅನ್ನೋದು ಮಾತಿನ ಸಂದರ್ಭದಿಂದ ಗೊತ್ತಾಗುತ್ತೆ. ವಾಂಡರ್ ಹಾಗಲ್ಲ. ಅದರ ಹೊಟ್ಟೆಯಲ್ಲೇ ಒಂದು ತೀರ್ಪು ಕೂತಿದೆ: ಈ ಮನುಷ್ಯನಿಗೆ ಗುರಿ ಇಲ್ಲ, ಇಂಥ ಕಡೆಗೇ ಹೋಗಬೇಕು ಅನ್ನೋದಿಲ್ಲ. ತರಗತಿಯಲ್ಲಿ ಮನಸ್ಸು ಪಾಠ ಬಿಟ್ಟು ಎಲ್ಲೋ ಹೋದ್ರೆ ಅದಕ್ಕೆ ವಾಂಡರ್ ಅಂತಾರೆ. ಜಾತ್ರೆಯಲ್ಲಿ ಮಗು ಕೈ ಬಿಡಿಸಿಕೊಂಡು ಹೋದ್ರೆ ‘ವಾಂಡರ್ ಆಫ್’. ಇದರ ಓರಗೆಯ ‘ರೋಮ್’ ಪದದಲ್ಲಿ ಸ್ವಾತಂತ್ರ್ಯದ ಧ್ವನಿ ಜಾಸ್ತಿ. ನಿಮ್ಮ ಫೋನಿನ ‘ರೋಮಿಂಗ್’ ಅಲ್ಲಿಂದಲೇ ಬಂದದ್ದು: ತನ್ನ ನೆಟ್‌ವರ್ಕ್ ಬಿಟ್ಟು ಬೇರೆಯವರ ನೆಟ್‌ವರ್ಕಿನಲ್ಲಿ ಓಡಾಡೋದು. ‘ಸ್ಟ್ರೇ’ ಅಂದ್ರೆ ಇರಬೇಕಾದ ಜಾಗ ಬಿಟ್ಟು ತಪ್ಪಿಸಿಕೊಂಡದ್ದು. ಬೀಡಾಡಿ ದನಕ್ಕೆ, ಬೀದಿನಾಯಿಗೆ ಆ ಪದ.

ಒಂದು ಉದಾಹರಣೆ ಕೊಡ್ತೀನಿ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಯಕ್ಷಗಾನ ಮೇಳಗಳು ಮಳೆಗಾಲ ಮುಗಿದ ಮೇಲೆ ಊರೂರಿಗೆ ಹೊರಡ್ತವೆ. ಅದಕ್ಕೆ ಮೇಳದ ‘ತಿರುಗಾಟ’ ಅಂತಲೇ ಹೆಸರು. ಯಾವ ದಿನ ಯಾವ ಊರು, ಯಾರ ಸೇವೆ, ಎಲ್ಲ ಮೊದಲೇ ನಿಗದಿ. ಇದನ್ನ ಯಾರಾದ್ರೂ ಇಂಗ್ಲಿಷಿಗೆ ‘ವಾಂಡರಿಂಗ್’ ಅಂತ ಅನುವಾದ ಮಾಡಿದ್ರೆ? ಡೈರಿ ಹಿಡಿದು ಕಾರ್ಯಕ್ರಮ ಬರೆದಿಡೋ ಮೇಳದ ಯಜಮಾನರು ಒಂದೇ ಕ್ಷಣದಲ್ಲಿ ಗೊತ್ತುಗುರಿ ಇಲ್ಲದ ಅಲೆಮಾರಿ ಆಗಿಬಿಡ್ತಾರೆ. ನಡೆಯುವವನ ಗುರಿ ಏನು ಅಂತ ಗೊತ್ತಿಲ್ಲದವನು, ಗುರಿಯೇ ಇಲ್ಲ ಅಂತ ಬರೆದುಬಿಡಬಹುದು. ಈ ಪದ ಎಷ್ಟೋ ಸಲ ನಡೆಯುವವನ ಬಗ್ಗೆ ಹೇಳೋದಕ್ಕಿಂತ, ದೂರದಲ್ಲಿ ನಿಂತು ನೋಡುವವನ ಬಗ್ಗೆ ಜಾಸ್ತಿ ಹೇಳುತ್ತೆ. ಇವತ್ತಿನ ಸಂಚಿಕೆಯ ಮುಖ್ಯ ಮಾತು ಇದೇ.

ನೋಡುವವನ ಕೈಯಲ್ಲಿ ಕಾನೂನು ಇದ್ರೆ ಏನಾಗುತ್ತೆ ಅಂತ ಈಗ ನೋಡೋಣ.

ಇಂಗ್ಲೆಂಡ್, 1824. ನೆಪೋಲಿಯನ್ ವಿರುದ್ಧದ ಯುದ್ಧ ಮುಗಿದು ಕೆಲವು ವರ್ಷ ಆಗಿತ್ತು. ಕೆಲಸ ಇಲ್ಲದ ಸೈನಿಕರು, ಹಳ್ಳಿ ಬಿಟ್ಟು ಬಂದ ಬಡವರು ರಸ್ತೆಯಲ್ಲಿದ್ರು. ಆಗ ಬಂದದ್ದು ವೇಗ್ರನ್ಸಿ ಆಕ್ಟ್. ಅದರಲ್ಲಿ ‘ವಾಂಡರಿಂಗ್ ಅಬ್ರಾಡ್’ ಅನ್ನೋ ಮಾತು ಬರುತ್ತೆ. ಇಲ್ಲಿ ಅಬ್ರಾಡ್ ಅಂದ್ರೆ ಫಾರಿನ್ ಅಲ್ಲ, ಮನೆಯಿಂದ ಆಚೆ ಅಂತ ಅಷ್ಟೇ. ಬದುಕೋಕೆ ಕಣ್ಣಿಗೆ ಕಾಣೋ ದಾರಿ ಇಲ್ಲದೆ, ತನ್ನ ಬಗ್ಗೆ ಸರಿಯಾದ ವಿವರ ಕೊಡದೆ, ಕೊಟ್ಟಿಗೆಯಲ್ಲೋ ಬಯಲಲ್ಲೋ ಮಲಗಿ ಅಲೆಯುವವನು ಅಪರಾಧಿ. ಕದ್ದಿದ್ದಾನಾ? ಹೊಡೆದಿದ್ದಾನಾ? ಅದು ಪ್ರಶ್ನೆಯೇ ಅಲ್ಲ. ನಿಘಂಟಿನಲ್ಲಿ ಬರೀ ಕ್ರಿಯಾಪದವಾಗಿದ್ದದ್ದು ಪೊಲೀಸರ ಪುಸ್ತಕದಲ್ಲಿ ಆರೋಪ ಆಯ್ತು.

ಈ ಯೋಚನೆ ಹಡಗು ಹತ್ತಿ ಭಾರತಕ್ಕೂ ಬಂತು. 1871ನೇ ಇಸವಿಯನ್ನ ನೆನಪಿಟ್ಟುಕೊಳ್ಳಿ. ಆ ಒಂದೇ ವರ್ಷ ಬ್ರಿಟಿಷ್ ಸರ್ಕಾರ ಎರಡು ಕಾಯ್ದೆ ತಂತು. ಒಂದು, ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ. ಬೇರೆಯವರ ಹೊಲಕ್ಕೆ, ಸರ್ಕಾರದ ಜಾಗಕ್ಕೆ ನುಗ್ಗಿದ ದನಗಳನ್ನ ಹಿಡಿದು ಕೂಡಿಹಾಕೋದು, ದಂಡ ಕಟ್ಟಿದ ಮೇಲೆ ಬಿಡೋದು. ನಮ್ಮ ಕಡೆ ಆ ಜಾಗಕ್ಕೆ ಕೊಂಡವಾಡ ಅಂತಾರೆ, ಹಳೇ ಮೈಸೂರಿನ ಕಡೆ ದೊಡ್ಡಿ. ಇನ್ನೊಂದು, ಅಪರಾಧಿ ಬುಡಕಟ್ಟುಗಳ ಕಾಯ್ದೆ. ಕೆಲವು ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡೋದು. ಪಟ್ಟಿಯಲ್ಲಿ ಹೆಸರಿದ್ದವರು ಹಾಜರಿ ಹಾಕಬೇಕು, ಊರು ಬಿಟ್ಟು ಹೋಗೋಕೆ ಪಾಸ್ ಪಡೀಬೇಕು. ಸ್ಥಿರ ವಾಸಸ್ಥಳ ಇಲ್ಲದಿರೋದೇ ಅನುಮಾನಕ್ಕೆ ಒಂದು ಕಾರಣ. ದನಕ್ಕೂ ಮನುಷ್ಯನಿಗೂ ಒಂದೇ ವರ್ಷದಲ್ಲಿ ಬೇಲಿ.

1871ರ ಕಾಯ್ದೆ ಶುರುವಾಗಿದ್ದು ಉತ್ತರ ಭಾರತದಲ್ಲಿ. 1911ರ ಹೊಸ ಕಾಯ್ದೆ ಅದನ್ನ ಇಡೀ ಬ್ರಿಟಿಷ್ ಭಾರತಕ್ಕೆ ಚಾಚಿತು. ಆಗ ನಮ್ಮ ಉತ್ತರ ಕನ್ನಡವೂ ಧಾರವಾಡವೂ ಮುಂಬೈ ಪ್ರಾಂತ್ಯದಲ್ಲಿದ್ದವು. ಮುಂಡಗೋಡದಿಂದ ಒಂದೆರಡು ತಾಸಿನ ಬಸ್ ದಾರಿಯ ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನ ಇರಿಸೋಕೆ ಒಂದು ‘ಸೆಟ್ಲ್‌ಮೆಂಟ್’ ಆಯ್ತು. ಇವತ್ತಿಗೂ ಹುಬ್ಬಳ್ಳಿಯಲ್ಲಿ ಆಟೋದವರಿಗೆ “ಸೆಟ್ಲ್‌ಮೆಂಟ್‌ಗೆ ಬಿಡ್ರಿ” ಅಂದ್ರೆ ಸಾಕು, ಗಂಗಾಧರನಗರದ ಕಡೆ ಹೋಗ್ತಾರೆ. ಅಂಥ ಹೆಸರು ಒಂದು ಓಣಿಗೆ ಯಾಕೆ ಬಂತು ಅಂತ ಕೇಳೋರು ಕಡಿಮೆ. ಗಮನಿಸಿ, ವಾಂಡರ್ ಅನ್ನೋ ಪದಕ್ಕೆ ಆಡಳಿತದ ಭಾಷೆಯಲ್ಲಿ ವಿರುದ್ಧ ಪದ ‘ಸೆಟಲ್’. ಓಡಾಡೋರನ್ನ ಒಂದು ಕಡೆ ಕೂರಿಸಿದ್ರೆ ಅವರು ಸುಧಾರಿಸ್ತಾರೆ ಅನ್ನೋದು ಅದರ ನಂಬಿಕೆ.

ಈಗ ಕಾಡಿಗೆ ಹೋಗೋಣ. ಇವತ್ತಿನ ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಅಂತ ಹೆಸರು. ಇಲ್ಲಿನ ಗುಡ್ಡಗಳಲ್ಲಿ ಕುಣಬಿಗಳು ಮತ್ತು ಬೇರೆ ಸಮುದಾಯದವರು ‘ಕುಮರಿ’ ಬೇಸಾಯ ಮಾಡ್ತಿದ್ರು. ಗುಡ್ಡದ ಇಳಿಜಾರಿನಲ್ಲಿ ಒಂದು ತುಂಡು ಕಾಡು ಕಡಿದು, ಬೇಸಿಗೆಯಲ್ಲಿ ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಬೂದಿಯ ಮೇಲೆ ರಾಗಿಯಂಥ ಧಾನ್ಯ ಬಿತ್ತೋದು. ಒಂದೆರಡು ಬೆಳೆ ಆದ ಮೇಲೆ ಆ ಜಾಗವನ್ನ ಬಿಟ್ಟು ಇನ್ನೊಂದಕ್ಕೆ ಹೋಗೋದು. ಬಿಟ್ಟ ಜಾಗದಲ್ಲಿ ಕಾಡು ಮತ್ತೆ ಎದ್ದು ನಿಲ್ಲುತ್ತೆ. ಎಷ್ಟೋ ವರ್ಷದ ನಂತರ ಅದೇ ಜಾಗಕ್ಕೆ ವಾಪಸ್ ಬರ್ತಾರೆ.

ಅಂದ್ರೆ ಇದು ಗೊತ್ತುಗುರಿ ಇಲ್ಲದ ಅಲೆದಾಟ ಅಲ್ಲ, ಒಂದು ಸುತ್ತು. ಆದ್ರೆ ಸುತ್ತು ಪೂರ್ತಿ ಆಗೋಕೆ ವರ್ಷಗಳು ಬೇಕು. ಮೂರು ನಾಲ್ಕು ವರ್ಷಕ್ಕೆ ವರ್ಗ ಆಗಿ ಹೋಗೋ ಅಧಿಕಾರಿಗೆ ಕಾಣೋದು ಒಂದು ತುದಿ ಮಾತ್ರ: ಕಡಿದರು, ಸುಟ್ಟರು, ಬಿಟ್ಟು ಹೋದರು. ವಾಪಸ್ ಬರೋದನ್ನ ನೋಡೋಕೆ ಅವನು ಇರ್ತಿರಲಿಲ್ಲ.

ಜೊತೆಗೆ ಸರ್ಕಾರಕ್ಕೆ ತೇಗ ಬೇಕಿತ್ತು. ಹಡಗಿಗೆ, ಆಮೇಲೆ ರೈಲಿಗೆ ಮರ ಬೇಕಿತ್ತು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಮೂಲತಃ ವೈದ್ಯ. ಕಾಡು ನಾಶದಿಂದ ಮಳೆ, ನೀರು, ಮಣ್ಣಿಗೆ ಏನಾಗುತ್ತೆ ಅಂತ ಆ ಕಾಲದಲ್ಲೇ ಎಚ್ಚರಿಸಿದ ಮನುಷ್ಯ. ಕುಮರಿಯ ದೊಡ್ಡ ವಿರೋಧಿಯೂ ಹೌದು. ಆಗ ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಭಾಗ. 1860ರ ಹೊತ್ತಿಗೆ ಕುಮರಿ ಮೇಲೆ ನಿರ್ಬಂಧ ಬಿಗಿಯಾಯ್ತು. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರಲ್ಲಿ ಅರಣ್ಯ ಕಾಯ್ದೆ ಬಂತು. 1927ರ ಅರಣ್ಯ ಕಾಯ್ದೆಯಂತೂ, ಸ್ಥಳ ಬದಲಿಸುವ ಬೇಸಾಯ ಜನರ ಹಕ್ಕಲ್ಲ, ಸರ್ಕಾರ ಕೊಟ್ಟರೆ ಕೊಟ್ಟ ರಿಯಾಯಿತಿ, ಬೇಕಾದಾಗ ಅದನ್ನ ತೆಗೆದುಹಾಕಬಹುದು ಅಂತ ಬರೆಯಿತು. ಕಾಡಿನ ಹಕ್ಕುಗಳನ್ನ ವಿಚಾರಣೆ ಮಾಡಿ ತೀರ್ಮಾನಿಸೋ ಅಧಿಕಾರಿಯ ಹುದ್ದೆ ಏನು ಗೊತ್ತಾ? ಫಾರೆಸ್ಟ್ ಸೆಟ್ಲ್‌ಮೆಂಟ್ ಆಫೀಸರ್. ಕನ್ನಡದಲ್ಲಿ ಅರಣ್ಯ ವ್ಯವಸ್ಥಾಪನಾಧಿಕಾರಿ. ಮತ್ತೆ ಅದೇ ಪದ, ಸೆಟ್ಲ್‌ಮೆಂಟ್.

ಕುಮರಿಯಿಂದ ಕಾಡಿಗೆ ಹಾನಿಯೇ ಆಗ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಜನ ಜಾಸ್ತಿಯಾಗಿ, ಸುತ್ತಿನ ಅವಧಿ ಕಡಿಮೆಯಾದ್ರೆ ಕಾಡು ಚೇತರಿಸಿಕೊಳ್ಳಲ್ಲ. ಆ ಚರ್ಚೆ ನ್ಯಾಯವಾದದ್ದೇ. ಆದ್ರೆ ಲೆಕ್ಕಾಚಾರ ಇಟ್ಟುಕೊಂಡು ಜಾಗ ಬದಲಿಸೋ ರೈತನನ್ನ ‘ಅಲೆಯುವವನು’ ಅಂತ ಕರೆದ ತಕ್ಷಣ, ಅವನ ಲೆಕ್ಕಾಚಾರವನ್ನ ಕೇಳೋ ಅಗತ್ಯವೇ ಇರಲ್ಲ. ಇವತ್ತು ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯುತ್ತೆ. ಕುಣಬಿ ಹೆಂಗಸರು ತಂದಿಡೋ ಗೆಡ್ಡೆಗಳ ತರಾವರಿ ನೋಡಿದ್ರೆ, ಈ ಮಣ್ಣನ್ನ ಇವರು ಎಷ್ಟು ಹತ್ತಿರದಿಂದ ಬಲ್ಲವರು ಅಂತ ಗೊತ್ತಾಗುತ್ತೆ.

ಇನ್ನು ಗೌಳಿಗರು. ಧನಗರ ಗೌಳಿಗಳು ಅಂತಾರೆ. ತಲೆಮಾರುಗಳ ಹಿಂದೆ ಮಹಾರಾಷ್ಟ್ರದ ಕಡೆಯಿಂದ ಎಮ್ಮೆ ಹೊಡಕೊಂಡು ಹುಲ್ಲು, ನೀರು ಹುಡುಕುತ್ತಾ ಈ ಘಟ್ಟಕ್ಕೆ ಬಂದವರು. ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾದ ಕಾಡಂಚಿನಲ್ಲಿ ಇವರ ವಾಡಾಗಳಿವೆ, ದಡ್ಡಿಗಳಿವೆ. ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ. ಹಾಲು, ಬೆಣ್ಣೆ ಮಾರಿ ಬದುಕಿದ ಜನ. ಎಮ್ಮೆ ಕಾಯೋನನ್ನ ದೂರದಿಂದ ನೋಡಿದ್ರೆ ಇಡೀ ದಿನ ಸುಮ್ಮನೆ ತಿರುಗ್ತಾ ಇದ್ದಾನೆ ಅನ್ನಿಸುತ್ತೆ. ಆದ್ರೆ ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತೆ, ಯಾವ ಬೇಣದಲ್ಲಿ ಹುಲ್ಲು ಯಾವಾಗ ಚಿಗುರುತ್ತೆ, ಎಲ್ಲಿ ಹುಲಿ ಓಡಾಡುತ್ತೆ, ಇದೆಲ್ಲ ಅವನ ತಲೆಯಲ್ಲಿದೆ. ಅವನ ದಾರಿಗೆ ಗೂಗಲ್ ಮ್ಯಾಪಿನಲ್ಲಿ ಗೆರೆ ಇಲ್ಲ ಅಷ್ಟೇ.

ಸಿದ್ದಿ ಸಮುದಾಯದ್ದು ಬೇರೆಯೇ ಕಥೆ. ಇವರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರ ಗೋವಾದಲ್ಲಿ ಗುಲಾಮರಾಗಿದ್ದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರಲ್ಲಿ ಅನೇಕರು. ಇವತ್ತು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳಿದ್ದಾರೆ. “ಆಫ್ರಿಕಾದಿಂದ ಅಲೆಯುತ್ತಾ ಬಂದವರು” ಅಂತ ಕೆಲವು ವಿಡಿಯೋಗಳಲ್ಲಿ ಸಲೀಸಾಗಿ ಹೇಳಿಬಿಡ್ತಾರೆ. ಅದು ಎರಡು ಸಲ ತಪ್ಪು. ಮೊದಲ ಪ್ರಯಾಣ ಸರಪಳಿಯದ್ದು, ಬಲವಂತದ್ದು. ಎರಡನೆಯದು ಸ್ವಾತಂತ್ರ್ಯದ ಕಡೆಗೆ ಪ್ರಾಣ ಹಿಡಿದು ಮಾಡಿದ ಓಟ. ಎರಡರಲ್ಲೂ ಗುರಿ ಇಲ್ಲದ್ದು ಯಾವುದೂ ಇಲ್ಲ. ಒಂದರಲ್ಲಿ ಗುರಿ ಮಾಲೀಕನದ್ದು, ಇನ್ನೊಂದರಲ್ಲಿ ಅವರದ್ದೇ.

ಇಲ್ಲಿ ನೀವು ಕೇಳಬಹುದು: ಓಡಾಡೋರನ್ನ ಅನುಮಾನಿಸೋದು ಬರೀ ಇಂಗ್ಲಿಷರ ಬುದ್ಧಿನಾ? ಅಲ್ಲ. ‘ಉಂಡಾಡಿ’, ‘ಪೋಲಿ’, ‘ಬೀದಿ ಅಲೆಯೋನು’ ಅಂತ ನಮ್ಮಲ್ಲೂ ಬೈಗುಳಗಳಿವೆ. ಆದ್ರೆ ಕನ್ನಡಕ್ಕೆ ಇನ್ನೊಂದು ಆಸ್ತಿಯೂ ಇದೆ. 12ನೇ ಶತಮಾನದ ಶರಣರು ‘ಸ್ಥಾವರ’ ಮತ್ತು ‘ಜಂಗಮ’ ಅಂತ ಎರಡು ಪದಗಳನ್ನ ಎದುರಾಬದುರಾ ಇಟ್ಟರು. ಸ್ಥಾವರ ಅಂದ್ರೆ ನಿಂತದ್ದು, ಜಂಗಮ ಅಂದ್ರೆ ಚಲಿಸುವಂಥದ್ದು. ಅವರ ಲೆಕ್ಕದಲ್ಲಿ ದೊಡ್ಡದು ಜಂಗಮ. ಊರೂರು ನಡೆಯೋನಿಗೆ ಮನೆ ಬಾಗಿಲಲ್ಲಿ ಗೌರವ.

ಇದನ್ನ ನೆನಪಿಸೋ ಜಾಗ ಜೋಯಿಡಾ ತಾಲ್ಲೂಕಿನಲ್ಲೇ ಇದೆ: ಉಳವಿ. ಕಲ್ಯಾಣದಲ್ಲಿ ಗಲಭೆಯಾದ ಮೇಲೆ ಚನ್ನಬಸವಣ್ಣ ಮತ್ತು ಶರಣರು ಈ ಕಾಡಿನ ಕಡೆ ನಡೆದುಬಂದರು, ಚನ್ನಬಸವಣ್ಣ ಇಲ್ಲೇ ಐಕ್ಯರಾದರು ಅನ್ನೋದು ನಂಬಿಕೆ. ಪ್ರತಿ ವರ್ಷ ಮಾಘ ಮಾಸದ ಭಾರತ ಹುಣ್ಣಿಮೆ ಹೊತ್ತಿಗೆ ಉಳವಿ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯ ರೈತರು ಎತ್ತಿನ ಗಾಡಿ ಕಟ್ಟಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು, ಹಳಿಯಾಳ, ದಾಂಡೇಲಿ ಮೇಲೆ ದಿನಗಟ್ಟಲೆ ಪ್ರಯಾಣ ಮಾಡಿ ಬರ್ತಾರೆ. ದಾರಿಯಲ್ಲೇ ಅಡುಗೆ, ದಾರಿಯಲ್ಲೇ ನಿದ್ದೆ. 1824ರ ಆ ಕಾನೂನಿನ ಕಣ್ಣಿಂದ ನೋಡಿದ್ರೆ ಬಯಲಲ್ಲಿ ಮಲಗಿದ ಇವರೆಲ್ಲ ವಾಂಡರ್ ಮಾಡ್ತಿರೋರೇ! ಆದ್ರೆ ರಸ್ತೆ ಪಕ್ಕದ ಊರಿನವರಿಗೆ ಇವರು ಉಳವಿಗೆ ಹೊಂಟ ಭಕ್ತರು. ಎಲ್ಲಿಗೆ ಹೋಗ್ತಿದ್ದಾರೆ ಅಂತ ಗೊತ್ತಿರೋದರಿಂದ ಹೆಸರೇ ಬೇರೆ.

ಸ್ವಾತಂತ್ರ್ಯ ಬಂದ ಮೇಲೆ ಏನಾಯ್ತು? ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯ್ತು. ಆ ದಿನವನ್ನ ಹಲವು ಸಮುದಾಯಗಳು ವಿಮುಕ್ತ ದಿನ ಅಂತ ಆಚರಿಸ್ತವೆ. ‘ಅಲೆಮಾರಿ’, ‘ಅರೆ ಅಲೆಮಾರಿ’ ಅನ್ನೋ ಪದಗಳು ಈಗ ಸರ್ಕಾರಿ ಪಟ್ಟಿಗಳಲ್ಲಿ, ಯೋಜನೆಗಳ ಹೆಸರಿನಲ್ಲಿ ಇವೆ. ಹಿಂದೆ ಶಿಕ್ಷೆಗೆ ಕಾರಣವಾಗಿದ್ದ ಹೆಸರು ಈಗ ಸವಲತ್ತಿಗೆ ಅರ್ಜಿ ಹಾಕೋ ಹೆಸರು. ಆದ್ರೆ ಒಂದು ಕಡೆ ನಿಂತವನೇ ನಂಬಿಕಸ್ಥ ಅನ್ನೋ ಭಾವನೆ ಹೋಯ್ತಾ? ಇಲ್ಲಿ ಕಥೆ ನಮ್ಮ ಕಾಲಕ್ಕೆ ಬರುತ್ತೆ.

2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಮಾಡಿತು. ಕಾಡಿನ ಜನರಿಗೆ ಚಾರಿತ್ರಿಕವಾಗಿ ಅನ್ಯಾಯ ಆಗಿದೆ ಅಂತ ಕಾನೂನೇ ಒಪ್ಪಿಕೊಂಡಿತು. ಅಲೆಮಾರಿ ಮತ್ತು ಪಶುಪಾಲಕ ಸಮುದಾಯಗಳು ಋತುಮಾನಕ್ಕೆ ತಕ್ಕಂತೆ ಕಾಡಿನ ಸಂಪನ್ಮೂಲ ಬಳಸೋ ಹಕ್ಕನ್ನೂ, ಮೇಯಿಸೋ ಹಕ್ಕನ್ನೂ ಅದರಲ್ಲಿ ಬರೆದಿದ್ದಾರೆ. ದೊಡ್ಡ ಹೆಜ್ಜೆ. ಆದ್ರೆ ಅದೇ ಕಾನೂನಿನಲ್ಲಿ ಇನ್ನೊಂದು ಷರತ್ತಿದೆ. ಪರಿಶಿಷ್ಟ ಪಂಗಡದವರಾದ್ರೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿ ಇದ್ರೆ ಸಾಕು. ಉಳಿದ ‘ಇತರೆ ಪಾರಂಪರಿಕ ಅರಣ್ಯವಾಸಿಗಳು’ ಆ ದಿನಕ್ಕಿಂತ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲಿ ವಾಸವಿದ್ರು ಅಂತ ತೋರಿಸಬೇಕು. 75 ವರ್ಷ ಹಿಂದೆ ಎಣಿಸಿದ್ರೆ 1930ಕ್ಕೆ ಹೋಗ್ತೀವಿ.

ಈಗ ಇದನ್ನ ನಮ್ಮ ನಾಲ್ಕು ತಾಲ್ಲೂಕಿಗೆ ಹಾಕಿ ನೋಡಿ. ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದ ಮೊದಲ ಶಾಸಕರಾದ್ರು. ಆದ್ರೆ ಪಕ್ಕದ ವಾಡಾದ ಗೌಳಿ, ಅದೇ ಕಾಡಿನ ಕುಣಬಿ, ಪರಿಶಿಷ್ಟ ಪಂಗಡದ ಬೇಡಿಕೆ ಇಟ್ಟುಕೊಂಡು ವರ್ಷಗಟ್ಟಲೆ ಕಾಯ್ತಿದ್ದಾರೆ. ಹಾಗಾಗಿ ಅವರಿಗೆ 75 ವರ್ಷದ ಷರತ್ತು. ಎಮ್ಮೆ ಹಿಂದೆ ನಡೆದ ಅಜ್ಜನ ಹೆಸರಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು? ಕುಮರಿ ಸುತ್ತಿನಲ್ಲಿ ಜಾಗ ಬದಲಿಸಿದವನಿಗೆ ಪಹಣಿ ಯಾರು ಬರೆದಿದ್ರು? ಉತ್ತರ ಕನ್ನಡದಲ್ಲಿ ಸಾವಿರಾರು ಅರ್ಜಿಗಳು ತಿರಸ್ಕಾರ ಆಗಿವೆ. ಜಿಲ್ಲೆಯ ಭಾಷೆಯಲ್ಲಿ ಇವರಿಗೆಲ್ಲ ಒಂದೇ ಹೆಸರು, ‘ಅತಿಕ್ರಮಣದಾರರು’.

ಒಂದು ಉಪಯೋಗದ ಮಾಹಿತಿ ಹೇಳ್ತೀನಿ, ಮನೆಯಲ್ಲಿ ಹಿರಿಯರಿಗೆ ತಿಳಿಸಿ. ಈ ಕಾಯ್ದೆಯ ನಿಯಮಗಳ ಪ್ರಕಾರ ಸಾಕ್ಷ್ಯ ಅಂದ್ರೆ ಬರೀ ಸರ್ಕಾರಿ ಕಾಗದ ಅಲ್ಲ. ಅರ್ಜಿದಾರರಲ್ಲದ ಬೇರೆ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಸಾಕ್ಷ್ಯ. ಹಳೇ ಬಾವಿ, ಸಮಾಧಿ ಜಾಗ, ದೇವರ ಬನ ಕೂಡ ಸಾಕ್ಷ್ಯ. ಅಂದ್ರೆ ನಡೆದ ಹೆಜ್ಜೆಗೂ ಗುರುತು ಇರುತ್ತೆ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. ಅದನ್ನ ಕೇಳಿ, ನೋಡಿ ಬರೆದುಕೊಳ್ಳೋ ವ್ಯವಧಾನ ಬೇಕು.

ಇನ್ನೊಂದು ಕಡೆ, ನೆಲೆ ನಿಂತವರನ್ನೇ ಎಬ್ಬಿಸಿದ ಕಥೆಯೂ ಇಲ್ಲಿದೆ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೇ ಸೂಪಾ ಊರೇ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಮನೆ ಕಳಕೊಂಡವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಹಳ್ಳಿಗಳಿಂದ ‘ಸ್ವಯಂಪ್ರೇರಿತ ಸ್ಥಳಾಂತರ’ ಮಾಡಿಸ್ತಿದ್ದಾರೆ. ನೂರಾರು ವರ್ಷ ಅಲೆದವರಿಗೆ “ಒಂದು ಕಡೆ ಕೂತ್ಕೊಳ್ಳಿ” ಅಂದ ವ್ಯವಸ್ಥೆ, ಕೂತವರಿಗೆ “ಈಗ ಎದ್ದೇಳಿ” ಅನ್ನುತ್ತೆ.

ಮುಂಡಗೋಡಕ್ಕೆ ಹೋದ್ರೆ ಸೆಟ್ಲ್‌ಮೆಂಟ್ ಪದಕ್ಕೆ ಮೂರನೇ ಅರ್ಥ ಸಿಗುತ್ತೆ. ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ 1966ರಲ್ಲಿ ಇಲ್ಲಿ ನೆಲೆ ಸಿಕ್ಕಿತು. ಡ್ರೆಪುಂಗ್, ಗಾಂಡೆನ್ ಅನ್ನೋ ಅವರ ದೊಡ್ಡ ಮಠಗಳು ಇಲ್ಲೇ ಮತ್ತೆ ಎದ್ದು ನಿಂತವು. ಇಲ್ಲಿ ಸೆಟ್ಲ್‌ಮೆಂಟ್ ಅಂದ್ರೆ ಶಿಕ್ಷೆ ಅಲ್ಲ, ಆಶ್ರಯ. ಆದ್ರೂ ಅವರ ಓಡಾಟ ನಿಂತಿಲ್ಲ. ಚಳಿಗಾಲ ಬಂತಂದ್ರೆ ಅನೇಕ ಟಿಬೆಟನ್ ಕುಟುಂಬಗಳು ಸ್ವೆಟರ್ ಮಾರೋಕೆ ದೂರದ ಊರುಗಳಿಗೆ ಹೋಗ್ತವೆ, ಸೀಸನ್ ಮುಗಿದ ಮೇಲೆ ವಾಪಸ್ ಬರ್ತವೆ. ನಿಮ್ಮ ಊರಿನ ಮೈದಾನದಲ್ಲಿ ಸ್ವೆಟರ್ ಅಂಗಡಿ ಹಾಕೋ ಆಂಟಿ ಬಹುಶಃ ಮುಂಡಗೋಡದವರೇ ಇರಬಹುದು.

ಇನ್ನು ಪದದ ಹೊಸ ಅವತಾರ. ಇನ್‌ಸ್ಟಾಗ್ರಾಮ್ ಬಯೋದಲ್ಲಿ ‘ವಾಂಡರರ್’, ‘ವಾಂಡರ್‌ಲಸ್ಟ್’ ಅಂತ ಬರಕೊಂಡಿರೋರು ನಿಮ್ಮ ಫ್ರೆಂಡ್ಸ್‌ನಲ್ಲೇ ಎಷ್ಟು ಜನ ಇದ್ದಾರೆ? ವಾಂಡರ್‌ಲಸ್ಟ್ ಜರ್ಮನ್ ಪದ. ಆ ಭಾಷೆಯಲ್ಲಿ ‘ವಾಂಡರ್ನ್’ ಅಂದ್ರೆ ಮುಖ್ಯವಾಗಿ ಗುಡ್ಡ, ಕಾಡಿನಲ್ಲಿ ಚಾರಣ ಮಾಡೋದು, ‘ಲಸ್ಟ್’ ಅಂದ್ರೆ ಹಂಬಲ. 20ನೇ ಶತಮಾನದ ಶುರುವಿನಲ್ಲಿ ಇಂಗ್ಲಿಷಿಗೆ ಬಂದ ಪದ, ಈಗ ಟ್ರಾವೆಲ್ ಕಂಪನಿಗಳ ಜಾಹೀರಾತಿನ ಪದ. ದಾಂಡೇಲಿಗೆ ವೀಕೆಂಡ್‌ಗೆ ಬರೋರು ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿ, ಸಫಾರಿ ಹೋಗಿ, ಕಾಡಿನ ಫೋಟೋ ಹಾಕಿ ‘ವಾಂಡರಿಂಗ್’ ಅಂತ ಬರೀತಾರೆ. ಬರಲಿ, ನೋಡಲಿ, ಖುಷಿಪಡಲಿ. ಆದ್ರೆ ಸ್ವಲ್ಪ ಯೋಚನೆ ಮಾಡಿ. ನಿಜವಾಗಿ ಯಾವ ಕೆಲಸವೂ ಇಲ್ಲದೆ ಈ ಕಾಡಿನಲ್ಲಿ ತಿರುಗೋಕೆ ಬರೋದು ನಾವು ಪ್ರವಾಸಿಗರು. ನಮಗೆ ಆ ಪದ ಒಂದು ಪದಕ. ಹುಲ್ಲಿಗಾಗಿ, ಅನ್ನಕ್ಕಾಗಿ, ಸ್ವಾತಂತ್ರ್ಯಕ್ಕಾಗಿ ಇದೇ ಕಾಡಿನಲ್ಲಿ ನಡೆದವರಿಗೆ ಅದೇ ಪದ ಒಂದು ಕಳಂಕ. ಕ್ರಿಯಾಪದ ಒಂದೇ. ಜೇಬಿನಲ್ಲಿರೋ ದುಡ್ಡು, ಕೈಯಲ್ಲಿರೋ ಗುರುತಿನ ಚೀಟಿ ಬೇರೆ.

ಮನುಷ್ಯರ ಕಥೆ ಹೀಗಾದ್ರೆ ಆನೆಗಳದ್ದೂ ಹೀಗೇ. ಭತ್ತ ಕೊಯ್ಲಿನ ಹೊತ್ತಿಗೆ ದಾಂಡೇಲಿ ಕಾಡಿನ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗೆ ಇಳಿದಾಗ “ದಾರಿ ತಪ್ಪಿ ನಾಡಿಗೆ ಬಂದ ಆನೆ” ಅಂತ ಸುದ್ದಿ ಬರುತ್ತೆ. ರೈತನ ನಷ್ಟ ಸುಳ್ಳಲ್ಲ, ರಾತ್ರಿಯೆಲ್ಲ ಪಟಾಕಿ ಹಿಡಿದು ಗದ್ದೆ ಕಾಯೋ ಕಷ್ಟವೂ ಸುಳ್ಳಲ್ಲ. ಆದ್ರೆ ಆನೆ ದಾರಿ ತಪ್ಪಿರಲ್ಲ. ಭತ್ತ ಯಾವಾಗ ಹಾಲು ತುಂಬುತ್ತೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಹಾಗೆ ಗೊತ್ತಿದೆ ಅಂತ ಒಪ್ಪಿಕೊಂಡ್ರೆ ಮಾತ್ರ ಅದು ಬರೋ ದಾರಿ, ಬರೋ ತಿಂಗಳು ಲೆಕ್ಕ ಹಾಕಿ ಗದ್ದೆ ಉಳಿಸೋ ಉಪಾಯ ಮಾಡಬಹುದು.

ಹಾಗಾದ್ರೆ ಈ ಪದವನ್ನ ಬಳಸಲೇಬಾರದಾ? ಧಾರಾಳವಾಗಿ ಬಳಸಿ. ನಿಮ್ಮ ಬಗ್ಗೆ ನೀವೇ ಹೇಳ್ಕೊಳ್ಳೋವಾಗ, ಸಂಜೆ ಹೊತ್ತು ಸುಮ್ಮನೆ ಸುತ್ತಾಡಿದ್ದಕ್ಕೆ, ಪಾಠದ ನಡುವೆ ಮನಸ್ಸು ಕ್ರಿಕೆಟ್ ಮೈದಾನಕ್ಕೆ ಹೋಗಿದ್ದಕ್ಕೆ ಅದು ಒಳ್ಳೇ ಪದ. ಬೇರೆಯವರ ಬಗ್ಗೆ ಬರೆಯೋವಾಗ ಮಾತ್ರ ಒಂದು ನಿಮಿಷ ತಡೀರಿ. ಪ್ರಾಜೆಕ್ಟ್ ವರ್ಕಿನಲ್ಲಿ, ರೀಲ್ಸ್ ಕ್ಯಾಪ್ಷನ್ನಿನಲ್ಲಿ ‘ವಾಂಡರಿಂಗ್ ಟ್ರೈಬ್’ ಅಂತ ಟೈಪ್ ಮಾಡೋ ಮುಂಚೆ, ಅವರು ಎಲ್ಲಿಂದ ಎಲ್ಲಿಗೆ, ಯಾವ ತಿಂಗಳು, ಯಾಕೆ ಹೋಗ್ತಾರೆ ಅಂತ ಅವರನ್ನೇ ಕೇಳಿ. ಉತ್ತರ ಸಿಕ್ಕರೆ ಆ ಪದ ಬೇಕಾಗಲ್ಲ. ಎಮ್ಮೆ ಮೇಯಿಸ್ತಾರೆ, ಬೇಸಾಯದ ಜಾಗ ಬದಲಿಸ್ತಾರೆ, ಸ್ವೆಟರ್ ಮಾರೋಕೆ ಹೋಗ್ತಾರೆ, ಜಾತ್ರೆಗೆ ನಡೀತಾರೆ ಅಂತ ನೇರವಾಗಿ ಬರೀಬಹುದು.

ನಿಮ್ಮ ಮನೆಯ ಹಿರಿಯರು ಯಾವ ದಾರಿಯಲ್ಲಿ ನಡೆದು ಈಗಿರೋ ಊರಿಗೆ ಬಂದ್ರು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ, ಸಾಧ್ಯವಾದ್ರೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಯಾವುದೋ ಕಚೇರಿಯಲ್ಲಿ ಅದೂ ಒಂದು ದಾಖಲೆ ಆದೀತು.